ಒಂದೇ ನಡಿಗೆ, ಹತ್ತು ಶಾಟ್: ಬ್ಲೆಂಡರ್‌ನಲ್ಲಿ ಚಲನೆಗಳನ್ನು ಮತ್ತೆ ಬಳಸುವ ಬಗೆ

3ಡಿ ಆ್ಯನಿಮೇಶನ್ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಮಾಡುವ, ಮಕ್ಕಳ ಕಥೆಯ ಮೂರು ನಿಮಿಷದ ವಿಡಿಯೊದಲ್ಲಿ ಅಜ್ಜಿ ಎಷ್ಟು ಸಲ ನಡೆಯುತ್ತಾಳೋ ಅಷ್ಟು ಸಲವೂ ಕೀಫ್ರೇಮ್ (ಒಂದು ಫ್ರೇಮಿನಲ್ಲಿ ಭಂಗಿಯನ್ನು ದಾಖಲಿಸುವ ಗುರುತು, ಚಿಕ್ಕದಾಗಿ ಕೀ) ಹಾಕುತ್ತಾ ಕೂರಬೇಕಿಲ್ಲ. ನಡಿಗೆಯನ್ನು ಒಂದು ಆ್ಯಕ್ಷನ್ (ಕೀಗಳನ್ನೆಲ್ಲ ಒಟ್ಟಿಗೆ ಇಟ್ಟ ಒಂದು ಚಲನೆ) ಆಗಿ ಮಾಡಿಟ್ಟುಕೊಂಡು, ಬೇಕಾದ ಶಾಟ್‌ನಲ್ಲಿ ಎನ್‌ಎಲ್‌ಎ ಎಡಿಟರ್‌ಗೆ (ಆ್ಯಕ್ಷನ್‌ಗಳನ್ನು ಜೋಡಿಸುವ, ಬೆರೆಸುವ ಕಿಟಕಿ) ತಂದರೆ ಸಾಕು. ಆದರೆ ಕೀ ಹಾಕುವಾಗಲೇ ಎಚ್ಚರ ಬೇಕು. ಬೇಡದ ಮೂಳೆಗೆ (ಪಾತ್ರವನ್ನು ಅಲುಗಾಡಿಸುವ ಒಳಗಿನ ಅಸ್ಥಿಪಂಜರದ ತುಂಡು) ಬಿದ್ದ ಕೀ ಮುಂದೆ ಪ್ರತಿ ಶಾಟ್‌ನಲ್ಲೂ ಕಾಡುತ್ತದೆ.

ಸೆಕೆಂಡಿಗೆ 24 ಫ್ರೇಮ್ ಇಟ್ಟುಕೊಳ್ಳಿ. ಪಾತ್ರ ನಿಂತಲ್ಲೇ ನಡೆಯಲಿ. ಇಡೀ ಪಾತ್ರವನ್ನು ಸರಿಸುವ ರೂಟ್ ಮೂಳೆಗೆ ಈಗ ಕೀ ಬೇಡ. ಫ್ರೇಮ್ 1ರಲ್ಲಿ ಹಿಮ್ಮಡಿ ನೆಲ ಮುಟ್ಟುವ ಭಂಗಿ, 4ರಲ್ಲಿ ಮೈ ತಗ್ಗುವುದು, 7ರಲ್ಲಿ ಒಂದು ಕಾಲು ಇನ್ನೊಂದನ್ನು ದಾಟುವುದು, 10ರಲ್ಲಿ ಮೈ ಏಳುವುದು. ಉಳಿದರ್ಧವನ್ನು ಕೈಯಾರೆ ಮಾಡಬೇಡಿ. ಫ್ರೇಮ್ 1ರಲ್ಲಿ ರೂಟ್ ಬಿಟ್ಟು ಎಲ್ಲ ಮೂಳೆಗಳನ್ನು ಆರಿಸಿ ಕಂಟ್ರೋಲ್+ಸಿ ಒತ್ತಿ, 13ಕ್ಕೆ ಹೋಗಿ ಕಂಟ್ರೋಲ್+ಶಿಫ್ಟ್+ವಿ ಒತ್ತಿದರೆ ಭಂಗಿ ಎಡಬಲ ಅದಲುಬದಲಾಗಿ ಬರುತ್ತದೆ. ಐ ಒತ್ತಿ ಕೀ ಹಾಕಿ. ಹೀಗೆಯೇ 4ರದ್ದು 16ಕ್ಕೆ, 7ರದ್ದು 19ಕ್ಕೆ, 10ರದ್ದು 22ಕ್ಕೆ. ಭಂಗಿ ಅದಲುಬದಲಾಗದಿದ್ದರೆ ಮೂಳೆಗಳ ಹೆಸರು ನೋಡಿ: ಎಡಗಡೆಯವು ‘.ಎಲ್’, ಬಲಗಡೆಯವು ‘.ಆರ್’ ಎಂಬ ಇಂಗ್ಲಿಷ್ ಅಕ್ಷರದಿಂದ ಮುಗಿಯಬೇಕು.

ಕೊನೆಗೆ ಫ್ರೇಮ್ 1ರ ಭಂಗಿಯನ್ನು ಹಾಗೆಯೇ 25ಕ್ಕೆ ನಕಲಿಸಿ. ಪ್ಲೇ ಮಾಡಿ ನೋಡುವಾಗ ಮಾತ್ರ ಕೊನೆಯ ಫ್ರೇಮನ್ನು 24ಕ್ಕೆ ಇಡಿ. ಇಲ್ಲವಾದರೆ ಒಂದೇ ಭಂಗಿ ಎರಡು ಸಲ ಕಂಡು ನಡಿಗೆ ತಡವರಿಸಿದಂತಾಗುತ್ತದೆ. ಆಮೇಲೂ ಸುತ್ತು ಸೇರುವ ಜಾಗದಲ್ಲಿ ಮೈ ಅರೆಕ್ಷಣ ನಿಂತಂತೆ ಕಂಡರೆ, ಅಲ್ಲಿ ಕರ್ವ್‌ಗಳು (ಕೀಯಿಂದ ಕೀಗೆ ಚಲನೆ ಬದಲಾಗುವುದನ್ನು ತೋರಿಸುವ ಗೆರೆಗಳು) ಚಪ್ಪಟೆಯಾಗಿವೆ ಎಂದರ್ಥ. ಗ್ರಾಫ್ ಎಡಿಟರ್‌ನಲ್ಲಿ ಎಲ್ಲ ಕರ್ವ್ ಆರಿಸಿ, ಶಿಫ್ಟ್+ಇ ಒತ್ತಿ, ಮೇಕ್ ಸೈಕ್ಲಿಕ್ ಕೊಡಿ.

ಈಗ ಆ್ಯಕ್ಷನ್ ಎಡಿಟರ್‌ನಲ್ಲಿ ಹೆಸರು ಕೊಡಿ. ‘ಅಜ್ಜಿ_ನಡಿಗೆ_24’ ಎಂದಿಟ್ಟರೆ ಆರು ತಿಂಗಳ ನಂತರವೂ ಗೊತ್ತಾಗುತ್ತದೆ, ‘ಆ್ಯಕ್ಷನ್.003’ ಎಂದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಸರಿನ ಪಕ್ಕದ ಗುರಾಣಿ ಚಿಹ್ನೆ ಆನ್ ಆಗಿರಲೇಬೇಕು. ಯಾವ ಪಾತ್ರವೂ ಬಳಸದ ಆ್ಯಕ್ಷನ್‌ಗೆ ಅದಿಲ್ಲದಿದ್ದರೆ, ಫೈಲ್ ಸೇವ್ ಮಾಡಿ ಮತ್ತೆ ತೆರೆದಾಗ ಆ್ಯಕ್ಷನ್ ಇರುವುದಿಲ್ಲ. ದಿನವಿಡೀ ಮಾಡಿದ ಕೆಲಸ ಹೀಗೆ ಹೋಗಬಾರದು.

ಪುಶ್ ಡೌನ್ ಒತ್ತಿದರೆ ಆ್ಯಕ್ಷನ್ ಎನ್‌ಎಲ್‌ಎಯಲ್ಲಿ ಸ್ಟ್ರಿಪ್ ಆಗಿ, ಅಂದರೆ ಬೇಕಾದಲ್ಲಿಗೆ ಸರಿಸಬಹುದಾದ ತುಂಡಾಗಿ, ಕೂರುತ್ತದೆ. ಅಲ್ಲಿ ಎನ್ ಒತ್ತಿ, ಬದಿಯ ಪಟ್ಟಿಯಲ್ಲಿ ರಿಪೀಟ್ 4 ಕೊಟ್ಟರೆ ನಾಲ್ಕು ಸುತ್ತು, 96 ಫ್ರೇಮ್ ನಡಿಗೆ ಸಿಗುತ್ತದೆ. 25ನೇ ಫ್ರೇಮಿನ ಕೀ ಇಲ್ಲದ ಆ್ಯಕ್ಷನ್ ಇಲ್ಲಿ ಪ್ರತಿ ಸುತ್ತಿಗೂ ಜಿಗಿಯುತ್ತದೆ.

ಇನ್ನು ರೂಟ್ ಮೂಳೆಗೆ ಕೀ ಹಾಕಿ ಪಾತ್ರವನ್ನು ಮುಂದೆ ಸಾಗಿಸಬೇಕು. ಕಾಲು ಜಾರುವ ತೊಂದರೆ ಹುಟ್ಟುವುದು ಇಲ್ಲೇ. ಕಣ್ಣಳತೆ ಬೇಡ, ಅಳೆಯಿರಿ. ಫ್ರೇಮ್ 1ರಲ್ಲಿ ಮುಂದಿಟ್ಟ ಕಾಲಿನ ಹರಡು ಸೊಂಟಕ್ಕಿಂತ 35 ಸೆಂ.ಮೀ. ಮುಂದಿದ್ದು, 13ರಲ್ಲಿ ಅದೇ ಹರಡು 35 ಸೆಂ.ಮೀ. ಹಿಂದಿದ್ದರೆ, 12 ಫ್ರೇಮಿಗೆ 70 ಸೆಂ.ಮೀ. ಸರಿದಿದೆ. ಹಾಗಾದರೆ ಪಾತ್ರ 24 ಫ್ರೇಮಿಗೆ 1.4 ಮೀಟರ್ ಸಾಗಬೇಕು. ಇದು ದೊಡ್ಡವರ ಸಾಮಾನ್ಯ ನಡಿಗೆಯ ವೇಗ. ಅಜ್ಜಿಗೆ ಹೆಜ್ಜೆ ಚಿಕ್ಕದಾಗಲಿ. ಸಾಗುವ ಕೀಗಳನ್ನು ಆರಿಸಿ, ಟಿ ಒತ್ತಿ, ವೇಗ ಒಂದೇ ಸಮ ಇರುವಂತೆ ಲೀನಿಯರ್ ಮಾಡಿ. ಲೆಕ್ಕ ಸರಿಯಿದ್ದೂ ಕಾಲು ಜಾರಿದರೆ, ಊರಿದ ಕಾಲು ಹಿಂದೆ ಸರಿಯುವ ವೇಗ ಒಂದೇ ಸಮ ಇಲ್ಲ. ತಪ್ಪು ನಡಿಗೆಯ ಆ್ಯಕ್ಷನ್‌ನಲ್ಲೇ ಇದೆ.

ನಡೆಯುತ್ತಲೇ ಅಜ್ಜಿ ಕೈ ಬೀಸಬೇಕೆನ್ನಿ. ಕೈಬೀಸುವ ಆ್ಯಕ್ಷನ್‌ನಲ್ಲಿ ಭುಜ, ತೋಳು, ಮುಂಗೈ, ಹಸ್ತ ಈ ನಾಲ್ಕು ಮೂಳೆಗಳಿಗಷ್ಟೇ ಕೀ ಇರಲಿ. ಮೇಲಿನ ಟ್ರ್ಯಾಕ್‌ನ (ಸ್ಟ್ರಿಪ್ ಕೂರುವ ಸಾಲು) ಸ್ಟ್ರಿಪ್ ರಿಪ್ಲೇಸ್‌ನಲ್ಲಿದ್ದರೆ ತನ್ನೊಳಗೆ ಕೀ ಇರುವ ಮೂಳೆಗಳನ್ನು ಮಾತ್ರ ಹಿಡಿಯುತ್ತದೆ, ಉಳಿದ ಮೈ ಕೆಳಗಿನ ನಡಿಗೆಯಂತೆ ನಡೆಯುತ್ತಲೇ ಇರುತ್ತದೆ. ಇಡೀ ಮೈಗೆ ಕೀ ಹಾಕಿದ್ದರೆ ಕೈ ಬೀಸುವಷ್ಟು ಹೊತ್ತು ಕಾಲು ಮರಗಟ್ಟುತ್ತವೆ. ಬೇಡದ ಚಾನೆಲ್‌ಗಳನ್ನು (ಆ ಮೂಳೆಗಳ ಕೀ ಇರುವ ಸಾಲುಗಳನ್ನು) ಆರಿಸಿ ಅಳಿಸಿ. ಬ್ಲೆಂಡ್ ಇನ್ 6, ಬ್ಲೆಂಡ್ ಔಟ್ 8 ಫ್ರೇಮ್ ಕೊಟ್ಟರೆ ಕೈ ಮೆತ್ತಗೆ ಏಳುತ್ತದೆ, ಮೆತ್ತಗೆ ಇಳಿಯುತ್ತದೆ. ಬೀಸಿದ ಮೇಲೂ ಕೈ ಹಾಗೇ ನಿಂತಿದ್ದರೆ ಎಕ್ಸ್‌ಟ್ರಾಪೊಲೇಶನ್ (ಸ್ಟ್ರಿಪ್‌ನ ಆಚೆಗೆ ಏನಾಗಬೇಕೆಂಬ ಆಯ್ಕೆ) ಹೋಲ್ಡ್ ಫಾರ್ವರ್ಡ್‌ನಲ್ಲಿದೆ, ನಥಿಂಗ್ ಮಾಡಿ.

ನಡಿಗೆಯಿಂದ ಓಟಕ್ಕೆ ಬೆರೆಸುವಾಗ ಎರಡರಲ್ಲೂ ಒಂದೇ ಕಾಲು ನೆಲ ಮುಟ್ಟುವ ಜಾಗವನ್ನು ಹೊಂದಿಸಿ. ಒಂದರಲ್ಲಿ ಎಡಗಾಲು, ಇನ್ನೊಂದರಲ್ಲಿ ಬಲಗಾಲು ಮುಂದಿದ್ದರೆ ಬೆರೆಯುವ ಹೊತ್ತಿನಲ್ಲಿ ಎರಡೂ ಕಾಲು ಒಂದೇ ಕಡೆ ಸೇರಿಕೊಳ್ಳುತ್ತವೆ.

ಸ್ಟ್ರಿಪ್ ಒಳಗೆ ತಿದ್ದಲು ಟ್ಯಾಬ್ ಒತ್ತಿ, ಮುಗಿದ ಮೇಲೆ ಮತ್ತೆ ಟ್ಯಾಬ್ ಒತ್ತಿ ಹೊರಬನ್ನಿ. ಆಲ್ಟ್+ಡಿಯಿಂದ ಮಾಡಿದ ನಕಲುಗಳೆಲ್ಲ ಒಂದೇ ಆ್ಯಕ್ಷನ್ ಹಂಚಿಕೊಂಡಿರುವುದರಿಂದ ಒಂದನ್ನು ತಿದ್ದಿದರೆ ಎಲ್ಲವೂ ಬದಲಾಗುತ್ತವೆ. ಟ್ಯಾಬ್ ಒತ್ತದೆ ಕೀ ಹಾಕಿದರೆ ಬೇರೊಂದು ಹೊಸ ಆ್ಯಕ್ಷನ್ ಹುಟ್ಟಿ ಸ್ಟ್ರಿಪ್‌ಗಳ ಮೇಲೆ ಕೂರುತ್ತದೆ. ಸ್ಟ್ರಿಪ್ ಸರಿಯಿದ್ದೂ ಒಂದು ಮೂಳೆ ಮಾತ್ರ ಅಲುಗಾಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಬೇರೆ ಫೈಲಿಗೆ ಒಯ್ಯಲು ಫೈಲ್ ಮೆನುವಿನ ಅಪೆಂಡ್, ಅಲ್ಲಿ ಹಳೆಯ ಫೈಲಿನೊಳಗಿನ ಆ್ಯಕ್ಷನ್ ಫೋಲ್ಡರ್. ಹೊಸ ಪಾತ್ರದ ಮೂಳೆಗಳ ಹೆಸರು ಅಕ್ಷರ ತಪ್ಪದೆ ಹೊಂದಬೇಕು. ಹೊಂದದ ಮೂಳೆ ಸುಮ್ಮನೆ ನಿಂತಿರುತ್ತದೆ. ಹೆಸರು ಹೊಂದಿದರೂ ಪಾತ್ರ ಅಲುಗದಿದ್ದರೆ, ಬ್ಲೆಂಡರ್ 4.4 ಅಥವಾ ನಂತರದ ಆವೃತ್ತಿಯಾದರೆ, ಆ್ಯಕ್ಷನ್ ಪಕ್ಕದಲ್ಲಿ ಸರಿಯಾದ ಸ್ಲಾಟ್ (ಆ್ಯಕ್ಷನ್‌ನೊಳಗೆ ಒಂದು ಪಾತ್ರದ ಚಲನೆ ಇರುವ ಖಾನೆ) ಆಯ್ಕೆಯಾಗಿದೆಯೇ ನೋಡಿ.