ಭೂಮಿ-ಎತ್ತಿನ ವರ್ಷದ ಖಾತೆ

ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆ ಸಮೀಪದ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದ ಮೊದಲ ವಾರವೇ ನಾನು ಪೆಚ್ಚಾದೆ. ಖಾತೆ ತೆರೆಯಲು ಬಂದ ಟಿಬೆಟನ್ ಯುವಕ "ಆರ್‌ಸಿ ಇದೆ ಸರ್" ಎಂದ. "ಗಾಡಿಯದು ಬೇಡಪ್ಪ, ನಿನ್ನದು ಕೊಡು" ಎಂದೆ. ಅದು ಅವನದೇ ಆಗಿತ್ತು: ವಿದೇಶಿಯರಿಗೆ ಕೊಡುವ ನೋಂದಣಿ ಪ್ರಮಾಣಪತ್ರ. ಹುಟ್ಟಿದ್ದು ಇಲ್ಲೇ, ಮಾತು ಅಚ್ಚ ಕನ್ನಡ.

ರಿಸರ್ವ್ ಬ್ಯಾಂಕಿನ ಅಧಿಕೃತ ದಾಖಲೆಗಳ ಪಟ್ಟಿಯಲ್ಲಿ ಆ ಪತ್ರವಿಲ್ಲ. ಹಾಗಾಗಿ ಆಧಾರ್ ಹಿಡಿದೇ ಹೊರಟೆ, ಪ್ಯಾನ್ ಇಲ್ಲದವರಿಗೆ ಫಾರ್ಮ್ 60 ಎಂಬ ಘೋಷಣಾ ಪತ್ರ. ಆಧಾರ್ ಕೂಡ ಇಲ್ಲದವರಿಗೆ 'ಸಣ್ಣ ಖಾತೆ' ತೆರೆಯಬಹುದಿತ್ತು. ಆದರೆ ಅದರಲ್ಲಿ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವವರಿಗೆ ಅದು ಯಾವ ಮೂಲೆಗೆ?

ನಿಜವಾದ ತೊಡಕು ಹೆಸರಿನದು. ಒಂದೇ ಬೆಳಿಗ್ಗೆ ಸಾಲಿನಲ್ಲಿ ಮೂವರು ತೆನ್ಜಿನ್‌ಗಳು. ಮನೆತನದ ಹೆಸರಿನ ಪದ್ಧತಿ ಹೆಚ್ಚಿನವರಲ್ಲಿ ಇಲ್ಲ. ಅಪ್ಪನ ಹೆಸರಿಗೂ ಮಗನ ಹೆಸರಿಗೂ ನಂಟೇ ಕಾಣದು. ನಮ್ಮ ಅರ್ಜಿಗೋ 'ಕೊನೆಯ ಹೆಸರು' ಬೇಕೇ ಬೇಕು. ಕಡೆಗೆ ಪ್ರತಿ ಅರ್ಜಿಯ ಅಂಚಿನಲ್ಲಿ ಕ್ಯಾಂಪ್ (ಇಲ್ಲಿ ಅವರ ಹಳ್ಳಿಗೆ ಹಾಗೆನ್ನುತ್ತಾರೆ) ಮತ್ತು ಮನೆ ಸಂಖ್ಯೆ ಬರೆದಿಡುವ ರೂಢಿ ಮಾಡಿಕೊಂಡೆ.

ಒಬ್ಬ ಅಜ್ಜಿಯ ಆರ್‌ಸಿಯಲ್ಲಿ ಒಂದು ಹುಟ್ಟಿದ ವರ್ಷ, ಆಧಾರ್‌ನಲ್ಲಿ ಇನ್ನೊಂದು. ಯಾವುದು ಸರಿ ಎಂದು ಕೇಳಿದರೆ, ಮೊಮ್ಮಗಳ ಬಾಯಲ್ಲಿ ಉತ್ತರ ಬಂತು: "ಭೂಮಿ-ಎತ್ತಿನ ವರ್ಷ." ನಮ್ಮ ಅಜ್ಜಿಯೂ ತನ್ನ ವಯಸ್ಸನ್ನು ಸಂವತ್ಸರದಲ್ಲೇ ಹೇಳುತ್ತಿದ್ದಳು. ಟಿಬೆಟನ್ನರದೂ ಅರವತ್ತು ವರ್ಷಗಳ ಚಕ್ರ, ಶುರುವಾಗುವುದೂ ನಮ್ಮ ಪ್ರಭವದ ವರ್ಷದಲ್ಲೇ. ಎಣಿಸಿ ನೋಡಿದೆ: ಇಪ್ಪತ್ತಮೂರನೆಯದು, ನಮ್ಮ ವಿರೋಧಿ ಸಂವತ್ಸರ, 1949. ಆರ್‌ಸಿಯಲ್ಲಿದ್ದದ್ದೇ ಸರಿ. ಆಧಾರ್ ತಿದ್ದಿಸಿಕೊಂಡು ಬರಲು ಎರಡು ತಿಂಗಳು ಹಿಡಿಯಿತು. ಪಾಸ್‌ಬುಕ್ ಕೈಗಿತ್ತಾಗ ಆಕೆ ಅದನ್ನು ಹಣೆಗೆ ಮುಟ್ಟಿಸಿಕೊಂಡರು. ನಾನು "ಅಮಾ-ಲಾ, ಮೊದಲು ಸಹಿ" ಎಂದೆ.

ಮೆಕ್ಕೆಜೋಳದ ಕೊಯ್ಲು ಮುಗಿದರೆ ಸ್ವೆಟರ್ ವ್ಯಾಪಾರಕ್ಕೆ ಹೊರಟುಬಿಡುತ್ತಾರೆ. ಅಂಚೆಯಲ್ಲಿ ಬಂದ ಎಟಿಎಂ ಕಾರ್ಡುಗಳು ವಿಳಾಸದಾರರಿಲ್ಲದೆ ವಾಪಸಾಗುತ್ತಿದ್ದವು. ಎರಡನೆಯ ವರ್ಷದಿಂದ ಆಗಸ್ಟ್‌ನಲ್ಲೇ ಕ್ಯಾಂಪಿಗೆ ಹೋಗಿ ಅರ್ಜಿ ತುಂಬಿಸಿದೆ.

ಸಾಲ ಮಾತ್ರ ನನ್ನಿಂದ ಆಗಲಿಲ್ಲ. ಜಮೀನು ಸರ್ಕಾರದ್ದು, ಇವರಿಗೆ ಗುತ್ತಿಗೆ; ಅಡವಿಡಲು ಏನೂ ಇಲ್ಲ. ಲೂಧಿಯಾನದ ವ್ಯಾಪಾರಿ ಮುಖ ನೋಡಿ ಮೂಟೆಗಟ್ಟಲೆ ಸ್ವೆಟರ್ ಉದ್ದರಿ ಕೊಡುತ್ತಾನೆ. ನಾನು ಐದು ವರ್ಷ ಅದೇ ಮುಖಗಳನ್ನು ನೋಡಿದೆ, ಒಂದು ಮೂಟೆಗಾಗುವಷ್ಟು ಸಾಲವನ್ನೂ ಕೊಡಿಸಲಾಗಲಿಲ್ಲ.