ನೆಲಕ್ಕೆ ಬಿದ್ದ ಬಾಣವನ್ನು ನೋಡದೆ ಹೂಡಬೇಡಿ

ಮಧ್ಯಯುಗದ ಬದುಕನ್ನು ಆಡಿ ತೋರಿಸುವ ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ) ಎಂಬ ಕೂಟ ನಡೆಸುವ, ಅಮೆರಿಕದ ಪೆನ್ಸಿಕ್ ಥರದ ಅಣಕು ಯುದ್ಧಗಳಲ್ಲಿ ಬಿಲ್ಲು ಹಿಡಿಯುವವರಿಗೆ ಈ ಮಾತು. ಅಲ್ಲಿ ಬಿಲ್ಲಿನ ಬಿಗಿ 28 ಇಂಚು ಎಳೆತಕ್ಕೆ 30 ಪೌಂಡ್ ದಾಟುವಂತಿಲ್ಲ. ಉದ್ದ ಕೈಯವರು ಇನ್ನೆರಡು ಇಂಚು ಎಳೆದರೆ ಹೊಡೆತದ ಬಲವೂ ಏರುತ್ತದೆ ಅಲ್ವಾ, ಅದಕ್ಕೇ ಬಿಲ್ಲಿನ ಮೇಲೆ ಬರೆದ ಅಂಕಿಯನ್ನು ಸುಮ್ನೆ ನಂಬದೆ ಕೊಕ್ಕೆ ತಕ್ಕಡಿಗೆ ಹಾಕಿ ನೋಡಿ.

ನನಗೆ ಜಾಸ್ತಿ ಭಯ ಬಾಣದ್ದೇ. ಚೂಪು ಮೊನೆಯ ಬದಲು ತುದಿಯಲ್ಲಿ ದಪ್ಪ ರಬ್ಬರ್ ಮೊಂಡು ಇದ್ದರೂ, ಬಿದ್ದ ಬಾಣವನ್ನು ಹತ್ತಾರು ಬೂಟುಗಳು ತುಳಿದಿರುತ್ತವೆ. ಮೊಂಡನ್ನು ಹಿಡಿದು ತಿರುಗಿಸಿ, ಎಳೆಯಿರಿ, ಸ್ವಲ್ಪ ಅಲುಗಿದರೂ ಪಕ್ಕಕ್ಕಿಡಿ. ಬಾಣದ ಕಡ್ಡಿ ಮರದ್ದಾದರೆ ಅದನ್ನು ಮುಖದಿಂದ ದೂರ ಹಿಡಿದು ಮೆಲ್ಲಗೆ ಬಗ್ಗಿಸಿ, ಚಿಟಿ ಚಿಟಿ ಸದ್ದು ಬಂದರೆ ಒಳಗೆ ಸೀಳಿದೆ ಅಂತಲೇ ಅರ್ಥ, ಟೇಪ್ ಸುತ್ತಿ ಉಳಿಸಿಕೊಳ್ಳಬೇಡಿ. ಫೈಬರ್‌ಗ್ಲಾಸ್ ಆದರೆ ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಅದರ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯೋದು ಕಷ್ಟ.

ಹೆಲ್ಮೆಟ್ಟಿನ ಕಣ್ಣಿನ ಕಿಂಡಿಗೆ ಜಾಲರಿ ಬೇಕೇ ಬೇಕು, ಕಾಲು ಇಂಚು ದಪ್ಪದ ಕಡ್ಡಿಯೂ ತೂರಬಾರದು. ದೂರ ನಿಂತು ಹೊಡೆಯುವ ಬಿಲ್ಲುಗಾರರಿಗೂ ಇದು ತಪ್ಪಿದ್ದಲ್ಲ, ಆ ಕಡೆಯಿಂದಲೂ ಬಾಣ ಬರುತ್ತವೆ. ತೀರಾ ಹತ್ತಿರ ಬಂದವರಿಗೆ ಪೂರ್ತಿ ಎಳೆದು ಹೊಡೆಯಬೇಡಿ.