ಒಂಬತ್ತು ಪಿಯಾನೋಗಳಿಗೆ 32 ಟ್ಯೂನಿಂಗ್: ನನ್ನ ಲೆಕ್ಕ

ಪಿಯಾನೋ ರಿಪೇರಿಯ ಖರ್ಚನ್ನು ಮುಂಚಿತವಾಗಿ ಅಂದಾಜಿಸಲು ಬರುವುದೇ ಇಲ್ಲ ಎಂದು ಶಾಲೆಯ ಲೆಕ್ಕಪತ್ರ ವಿಭಾಗದವರು ಮೂರು ವರ್ಷ ನನ್ನ ಪಟ್ಟಿಯನ್ನು ಹಿಂದಕ್ಕೆ ಕಳುಹಿಸಿದರು. ಕಳೆದ ವರ್ಷ ಅಂದಾಜಿಗೂ ಖರ್ಚಿಗೂ ಬಂದ ವ್ಯತ್ಯಾಸ ಬರೀ ಎರಡು ಟ್ಯೂನಿಂಗ್, ಅಂದರೆ ಎರಡು ಸಲ ಪಿಯಾನೋದ ಶ್ರುತಿ ಸರಿಪಡಿಸುವಷ್ಟು ಹಣ. ಈಗ ಅವರೇ ಪಟ್ಟಿ ಕೇಳಿ ಪಡೆಯುತ್ತಾರೆ.

ಹೌದು, ಟ್ಯೂನಿಂಗೇ ನನ್ನ ಅಳತೆ. ಹಣದಲ್ಲಿ ಬರೆದರೆ ದರ ಏರಿದಾಗಲೆಲ್ಲ ಪಟ್ಟಿ ಕೆಡುತ್ತದೆ. ತಂತಿ, ಫೆಲ್ಟ್, ಪೆಡಲ್ ಕೆಲಸ ಎಲ್ಲವನ್ನೂ ಇಷ್ಟು ಟ್ಯೂನಿಂಗಿಗೆ ಸಮ ಎಂದು ಬರೆದು, ಕೊನೆಗೆ ಆ ವರ್ಷದ ದರದಿಂದ ಗುಣಿಸುತ್ತೇನೆ.

ಮೊದಲ ವರ್ಷ ಒಂಬತ್ತಕ್ಕೂ ಎರಡೆರಡರಂತೆ 18 ಇಟ್ಟು ಕೆಟ್ಟೆ. ಸಭಾಂಗಣದ ಗ್ರ್ಯಾಂಡ್ (ತಂತಿಗಳು ಅಡ್ಡಲಾಗಿರುವ ದೊಡ್ಡ ಪಿಯಾನೋ) ಕಾರ್ಯಕ್ರಮದ ಹೊತ್ತಿಗೆ ಶ್ರುತಿ ಬಿಟ್ಟಿತ್ತು. ಯಾರೂ ಮುಟ್ಟದ ಮೂಲೆಯ ಪಿಯಾನೋ ಮಾತ್ರ ಸರಿಯಾಗಿತ್ತು. ವರ್ಷಗಟ್ಟಲೆ ಬಿಟ್ಟಿದ್ದ ಇನ್ನೊಂದರ ಎ ಸ್ವರ 425 ಹರ್ಟ್ಸ್‌ನ (ಸೆಕೆಂಡಿಗೆ ಇಷ್ಟು ಕಂಪನ) ಆಸುಪಾಸಿಗೆ ಇಳಿದಿತ್ತು. ಒಂದೇ ಸುತ್ತಿನಲ್ಲಿ ಸರಿಯಾದ 440ಕ್ಕೆ ಎಳೆಸಲು ಹೋಗಿ ಮೂರು ತಂತಿ ಕಡಿದವು. ಅಂಥದ್ದಕ್ಕೆ ಈಗ ಎರಡು ಸುತ್ತು ಹಿಡಿಯುತ್ತೇನೆ. ಎಲ್ಲಕ್ಕಿಂತ ಹಳೆಯ ಅಪ್‌ರೈಟ್‌ನ (ನೆಟ್ಟಗೆ ನಿಲ್ಲುವ ಪಿಯಾನೋ) ತಂತಿ ಸುತ್ತಿದ ಸಡಿಲ ಪಿನ್‌ಗಳನ್ನು ತೆಗೆಸಿ ದಪ್ಪ ಪಿನ್ ಹಾಕಿಸಿದ್ದಕ್ಕೆ ಸುಮಾರು 14 ಟ್ಯೂನಿಂಗಿನ ಹಣ ಹೋಯಿತು. ಪಿನ್ ಹಿಡಿದಿಡುವ ಒಳಗಿನ ಮರವೇ ಬಿರುಕು ಬಿಟ್ಟಿದ್ದರಿಂದ ನಾಲ್ಕೇ ತಿಂಗಳಲ್ಲಿ ಶ್ರುತಿ ಮತ್ತೆ ಜಾರಿತು. ಆ ಹಣ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಈಗಿನ ಹಂಚಿಕೆ: ಗ್ರ್ಯಾಂಡ್‌ಗೆ ನಾಲ್ಕು, ಮೂರು ತರಗತಿ ಪಿಯಾನೋಗಳಿಗೆ ಮೂರು ಮೂರು, ನಾಲ್ಕು ಅಭ್ಯಾಸದ ಕೋಣೆಗಳಿಗೆ ಎರಡೆರಡು, ಆ ಹಳೆಯದಕ್ಕೆ ಒಂದು. ಒಟ್ಟು 22. ರಿಪೇರಿಗೆ ಪ್ರತ್ಯೇಕವಾಗಿ 10. ಈ ಹತ್ತನ್ನು ಬೇರೆ ಯಾವುದಕ್ಕೂ ಮುಟ್ಟಗೊಡುವುದಿಲ್ಲ. ಮೊದಲು, ಕೆಟ್ಟಾಗ ನೋಡೋಣ ಎನ್ನುತ್ತಿದ್ದಾಗ, ವರ್ಷಕ್ಕೆ ನಲವತ್ತು ದಾಟುತ್ತಿತ್ತು.

ನಡುವೆ ಒಂದು ಪ್ರಯೋಗ ಮಾಡಿದೆ. ಅಭ್ಯಾಸದ ಕೋಣೆಗಳಲ್ಲಿ ಒಂದೇ ತಯಾರಿಕೆಯ ಎರಡು ಪಿಯಾನೋ ಇದ್ದವು. ಒಂದನ್ನು ಕಿಟಕಿಯ ಪಕ್ಕದಲ್ಲೇ ಬಿಟ್ಟು, ಇನ್ನೊಂದನ್ನು ಒಳಗೋಡೆಗೆ ಸರಿಸಿ, ಹತ್ತು ವಾರ ಪ್ರತಿ ಸೋಮವಾರ ಶ್ರುತಿ ಅಳೆದೆ. ತೇವ ಏರಿದಾಗ ಸೌಂಡ್‌ಬೋರ್ಡ್ (ನಾದ ಹೊಮ್ಮಿಸುವ ಮರದ ಹಲಗೆ) ಉಬ್ಬಿ ಶ್ರುತಿ ಏರುತ್ತದೆ, ಒಣಗಿದಾಗ ಇಳಿಯುತ್ತದೆ. ಗೋಡೆಯ ಪಕ್ಕದ್ದರಲ್ಲಿ ಈ ಏರಿಳಿತ ಹೆಚ್ಚುಕಡಿಮೆ ಅರ್ಧವಾಗಿತ್ತು. ಕೂಡಲೇ ನಾಲ್ಕನ್ನೂ ಗೋಡೆಗೆ ಸರಿಸಿದೆವು. ಒಂದೊಂದು ಕೋಣೆಗೂ ತೇವ ಅಳೆಯುವ ಹೈಗ್ರೋಮೀಟರ್ ಹಾಕಿ, ತೇವಾಂಶವನ್ನು ಶೇ 40ರಿಂದ 50ರೊಳಗೆ ಇಡಲು ಹೆಣಗುತ್ತೇನೆ. ರಜೆ ಮುಗಿದ ಕೂಡಲೇ ಟ್ಯೂನರ್‌ನನ್ನು ಕರೆಸುವುದಿಲ್ಲ. ಹೈಗ್ರೋಮೀಟರ್‌ನ ಮುಳ್ಳು ಎರಡು ಮೂರು ವಾರ ಒಂದೆಡೆ ನಿಂತ ಮೇಲೆಯೇ ಕರೆಸುವುದು.

ಪ್ರತಿ ಪಿಯಾನೋಗೂ ದಾರ ಕಟ್ಟಿದ ಒಂದು ನೋಟ್‌ಬುಕ್ ತೂಗಿಸಿದ್ದೇನೆ. “ಎಡದಿಂದ 37ನೆಯ ಕೀ ಒತ್ತಿದರೆ ಮೇಲೇಳುವುದಿಲ್ಲ” ಎಂದು ಒಬ್ಬ ಹುಡುಗಿ ಬರೆದಿದ್ದಳು. ನೋಡಿದರೆ ಕೀಗಳ ಸಂದಿಯಲ್ಲಿ ಪೆನ್ಸಿಲ್ ತುಂಡು! ಹುಡುಕುವ ಸಮಯಕ್ಕೆ ಟ್ಯೂನರ್ ಕೇಳುತ್ತಿದ್ದ ಹಣ ಹೀಗೆ ಉಳಿಯಿತು.

ಈ ವರ್ಷದ ಹತ್ತರಲ್ಲಿ ಇನ್ನೂ ಮೂರು ಉಳಿದಿವೆ. ಎರಡನೆಯ ತರಗತಿ ಪಿಯಾನೋದ ಹ್ಯಾಮರ್‌ಗಳಲ್ಲಿ (ತಂತಿಗೆ ಬಡಿಯುವ ಫೆಲ್ಟ್ ಸುತ್ತಿಗೆಗಳು) ತಂತಿಯ ಗೆರೆ ಆಳವಾಗಿ ಬಿದ್ದಿದೆ. ಪರೀಕ್ಷೆಗೆ ಮೊದಲು ಅವನ್ನು ಉಜ್ಜಿಸಬೇಕು.